ಡ್ರೇಕ್ ಮಾವ

ಅಂಟಾರ್ಕ್ಟಿಕಾಕ್ಕೆ ಹೋಗಿಬಂದವರು ಪೆಂಗ್ವಿನ್ ಕಥೆ ಹೇಳುತ್ತಾರೆಂದು ನಂಬಿ ಪಕ್ಕದಲ್ಲಿ ಕೂತವರು ಕೆಟ್ಟರು. ಪೆಂಗ್ವಿನ್ ಬರುವುದು ಬಹಳ ತಡವಾಗಿ. ಅದಕ್ಕೂ ಮೊದಲು ಡ್ರೇಕ್ ಜಲಸಂಧಿ ದಾಟಬೇಕು. ಅರ್ಜೆಂಟೀನಾದ ಉಶುವಾಯಾ ಬಂದರು ಬಿಟ್ಟ ಹಡಗಿಗೆ ಅದು ಎರಡು ದಿನದ ದಾರಿ. ಬಾಯಿಮಾತಿನಲ್ಲಿ ದಾಟುವುದಕ್ಕೆ ವರ್ಷಗಳೇ ಬೇಕು.

1981ರಲ್ಲಿ ಭಾರತದ ಮೊದಲ ತಂಡ ಅಂಟಾರ್ಕ್ಟಿಕಾಕ್ಕೆ ಹೊರಟಾಗ ಅದು ವಿಜ್ಞಾನಿಗಳ ಊರು. ಈಗ ಒಂದೇ ಋತುವಿನಲ್ಲಿ ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಆ ಕಡೆ ಹೋಗಿಬರುತ್ತಾರೆ. ಹಿಂದೆ ಕಾಶಿಗೆ ಹೋದವರು ಗಂಗೆಯ ತಂಬಿಗೆ ತಂದಂತೆ ಇವರು ಹಡಗಿನವರು ಕೊಟ್ಟ ಕೆಂಪು ಜಾಕೆಟ್ ತರುತ್ತಾರೆ. ತಂಬಿಗೆಯನ್ನಾದರೂ ದೇವರ ಮನೆಯಲ್ಲಿ ಇಟ್ಟು ಮರೆಯುತ್ತಿದ್ದರು. ಜಾಕೆಟ್ ಎಲ್ಲ ಕಡೆಗೂ ಜೊತೆಗೇ ಬರುತ್ತದೆ.

ಹೀಗೊಂದು ಜಾಕೆಟ್ ಆಗಸ್ಟ್ ತಿಂಗಳಲ್ಲಿ ಕೆಮ್ಮಣ್ಣುಗುಂಡಿಗೂ ಬಂತು. ಒಳಗಿದ್ದವರು ಬೆಂಗಳೂರಿನ ನಿವೃತ್ತ ಬ್ಯಾಂಕ್ ಮ್ಯಾನೇಜರ್, ಮೂಲ ತರೀಕೆರೆ ಕಡೆಯವರು, ಸೋದರಳಿಯಂದಿರ ಬಾಯಲ್ಲಿ ಡ್ರೇಕ್ ಮಾವ. ಆ ಅಳಿಯಂದಿರಲ್ಲಿ ಒಬ್ಬ ಈ ಲೇಖಕ.

ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯುತ್ತಿದ್ದ, ಸುಮಾರು 1,434 ಮೀಟರ್ ಎತ್ತರದ ಈ ಗಿರಿಧಾಮ ಮಳೆಗಾಲದಲ್ಲಿ ಎದುರಿಗಿದ್ದವರ ಮುಖವನ್ನೂ ತೋರಿಸುವುದಿಲ್ಲ. ಝಡ್ ಪಾಯಿಂಟ್ ಮಂಜಿನಲ್ಲಿ ಮುಳುಗಿತ್ತು. ಹೆಬ್ಬೆ ಜಲಪಾತದ ಜೀಪಿನವನು ಈ ಮಳೆಯಲ್ಲಿ ಆಗದು ಎಂದ. ಮನೆಮಂದಿಯೆಲ್ಲ ಮೆಣಸಿನಕಾಯಿ ಬೋಂಡ ತಿಂದು ಹೊದ್ದು ಮಲಗುವ ಸಂತೋಷದಲ್ಲಿದ್ದರು. ಮಾವ ಮಾತ್ರ ಕಿಟಕಿಯಾಚೆಯ ಬಿಳುಪನ್ನು ನೋಡಿ, "ಇದು ಅಪ್ಪಟ ಸೀ ಡೇ" ಎಂದರು.

ನೆಲ ಕಾಣದೆ ಬರೀ ನೀರಿನ ಮೇಲೆ ಕಳೆಯುವ ದಿನಕ್ಕೆ ಹಡಗಿನಲ್ಲಿ ಹಾಗೆನ್ನುತ್ತಾರಂತೆ. ಜನಕ್ಕೆ ಬೇಸರವಾಗಬಾರದೆಂದು ಅವತ್ತು ಗಂಟೆಗೊಂದು ಕಾರ್ಯಕ್ರಮ. ಮಾವ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ವೇಳಾಪಟ್ಟಿ ಬರೆದು ಬಾಗಿಲಿಗೆ ಅಂಟಿಸಿದರು: ಪಕ್ಷಿಗಳ ಉಪನ್ಯಾಸ, ಕಡ್ಡಾಯ ತಿಳಿವಳಿಕೆ ಸಭೆ, ಬೂಟು ಶುದ್ಧಿ, ಚಹಾ, ರೀಕ್ಯಾಪ್.

ಬೂಟು ಶುದ್ಧಿಯ ಬಗ್ಗೆ ವಿವರವಾಗಿ ಹೇಳಲೇಬೇಕು. 1991ರಲ್ಲಿ ಹುಟ್ಟಿದ ಐಎಎಟಿಒ ಎಂಬ ಪ್ರವಾಸಿ ಸಂಸ್ಥೆಗಳ ಸಂಘದ ನಿಯಮಗಳು ಮಾವನಿಗೆ ಬಾಯಿಪಾಠ. ಒಂದು ಜಾಗದಲ್ಲಿ ಏಕಕಾಲಕ್ಕೆ ನೂರಕ್ಕಿಂತ ಹೆಚ್ಚು ಪ್ರವಾಸಿಗರು ಇಳಿಯುವಂತಿಲ್ಲ. ಇಳಿಯುವ ಮೊದಲು ಬಟ್ಟೆ, ಚೀಲ, ಜೇಬಿನ ಮೂಲೆಗಳಿಗೆಲ್ಲ ವ್ಯಾಕ್ಯೂಮ್ ಹಿಡಿದು, ಪರದೇಶದ ಒಂದು ಬೀಜವೂ ಆ ನೆಲಕ್ಕೆ ಬೀಳದಂತೆ ನೋಡಬೇಕು. ಬೂಟನ್ನು ಸೋಂಕುನಾಶಕದಲ್ಲಿ ಅದ್ದಬೇಕು. ಅತಿಥಿಗೃಹದ ಜಗಲಿಯಲ್ಲಿ ಮಾವ ಬಕೆಟ್, ಹಳೆಯ ಟೂತ್‌ಬ್ರಷ್, ಸೇಫ್ಟಿ ಪಿನ್ ಹಿಡಿದು ಕುಳಿತರು. ಎಲ್ಲರೂ ಸಾಲಾಗಿ ನಿಂತು ಒಂದೊಂದೇ ಕಾಲು ಎತ್ತಬೇಕು. ದೊಡ್ಡಮ್ಮನ ಸೀರೆಯಂಚಿನಿಂದ ಉತ್ತರಾಣಿ ಬೀಜಗಳನ್ನು ಒಂದೊಂದಾಗಿ ಬಿಡಿಸಿ ಕಾಗದದ ಮೇಲಿಟ್ಟು, "ನೋಡಿ, ಇಷ್ಟು ಸಾಕು ಒಂದು ಖಂಡ ಕೆಡೋಕೆ" ಎಂದರು. ಪತ್ರಿಕೆಗಳಲ್ಲಿ ಪರಿಸರದ ಬಗ್ಗೆ ಆಗಾಗ ಬರೆಯುವ ಈ ಲೇಖಕನ ಬೂಟಿನಡಿಯಲ್ಲಿ ಸಿಕ್ಕ ಮಣ್ಣಿನಲ್ಲಿ ಒಂದು ಪಾಟು ತುಳಸಿ ನೆಡಬಹುದಿತ್ತು.

ಅಷ್ಟು ಹೊತ್ತಿಗೆ ಮಾವನ ಕಾಲ್ಚೀಲದಿಂದಲೇ ಹೊಟ್ಟೆ ತುಂಬ ಉಂಡ ಇಂಬಳವೊಂದು ಬಕೆಟ್ಟಿನ ಪಕ್ಕಕ್ಕೆ ಉದುರಿತು. ಅಡುಗೆಯವನು ಒಳಗಿಂದ ಉಪ್ಪು ತಂದ. "ಇದು ಇಲ್ಲಿಯದೇ ಪ್ರಾಣಿ, ಇದಕ್ಕೆ ನಿಯಮ ಅನ್ವಯಿಸೋದಿಲ್ಲ" ಎಂದು ಮಾವ ತೀರ್ಪು ಕೊಟ್ಟರು.

ಸಿಟ್ಟು ಬರುವುದು ಅವರು ಹೇಳಿದ್ದು ಸರಿ ಎನ್ನುವುದಕ್ಕೆ. ಅಮೆರಿಕ ಖಂಡದಿಂದ ಚೆಂದದ ಹೂವಿನ ಗಿಡವೆಂದು ಬಂದ ಲಂಟಾನ ಇವತ್ತು ನಮ್ಮ ಕಾಡುಗಳ ಒಳಗೆಲ್ಲ ಪೊದೆಯಾಗಿ ಕೂತಿದೆ. ಆಗ ಯಾರೂ ಟೂತ್‌ಬ್ರಷ್ ಹಿಡಿದಿರಲಿಲ್ಲ.

ಉಳಿದ ಚಾಳಿಗಳು ಸಣ್ಣವು. ಮೆಟ್ಟಿಲಿಳಿಯುವಾಗ "ಒಂದು ಕೈ ಹಡಗಿಗೆ" ಎನ್ನುತ್ತಾ ಗೋಡೆ ಹಿಡಿಯುತ್ತಾರೆ. ತಟ್ಟೆ ಜಾರದಿರಲೆಂದು ಮೇಜಿನ ಬಟ್ಟೆ ಒದ್ದೆ ಮಾಡಿಸುತ್ತಾರೆ. ಗರುಡ ಹಾರಿದರೆ, ಆಲ್ಬಟ್ರಾಸಿನ ರೆಕ್ಕೆ ಮೂರೂವರೆ ಮೀಟರ್‌ವರೆಗೂ ಚಾಚುತ್ತದೆಂದು ಗರುಡನ ಮಾನ ಕಳೆಯುತ್ತಾರೆ. ಪೆಂಗ್ವಿನ್‌ಗಳಿಂದ ಐದು ಮೀಟರ್ ದೂರ ನಿಲ್ಲುವ ನಿಯಮವನ್ನು ಇಲ್ಲಿಯ ಕೋತಿಗಳಿಗೂ ವಿಸ್ತರಿಸಿದರು. ಕೋತಿಗಳು ಒಪ್ಪದೆ ಬೋಂಡ ಒಯ್ದವು. 1916ರಲ್ಲಿ ಧ್ರುವಾನ್ವೇಷಕ ಶ್ಯಾಕಲ್ಟನ್ ಐವರು ಸಂಗಡಿಗರೊಡನೆ ಸುಮಾರು 22 ಅಡಿಯ ದೋಣಿಯಲ್ಲಿ ಆ ಕಡೆಯ ಕಡಲು ದಾಟಿದ ಕಥೆ ಹೇಳುವಾಗ ಮಾತ್ರ ಅವರ ಗಂಟಲು ಪ್ರತಿಸಲವೂ ಕಟ್ಟುತ್ತದೆ. ಆಗ ಅವರನ್ನು ಬೈಯಲು ಮನಸ್ಸು ಬರುವುದಿಲ್ಲ.

ಸಂಜೆ ರೀಕ್ಯಾಪ್. "ಇವತ್ತು ಏನೇನು ನೋಡಿದೆವು?"

"ಮಂಜು" ಎಂದಿತು ಮೊಮ್ಮಗು.

"ಇನ್ನೇನು?"

"ಬೋಂಡ. ತಾತ, ಆ ದೊಡ್ಡ ಹಕ್ಕೀನ ನೀವು ಎಲ್ಲಿ ನಿಂತು ನೋಡಿದ್ರಿ?"

ಮೂಲೆಯಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: "ಅವರೆಲ್ಲಿ ನೋಡಿದ್ರು? ಕಿವಿ ಹಿಂದೆ ವಾಂತಿ ಪಟ್ಟಿ ಅಂಟಿಸ್ಕೊಂಡು ಎರಡು ದಿನ ಮಲಗೇ ಇದ್ರು. ಉಪನ್ಯಾಸಕ್ಕೆಲ್ಲ ಹೋಗ್ತಿದ್ದದ್ದು ನಾನು."

ಕೋಣೆ ನಗೆಯಿಂದ ತುಂಬಿತು. ಮಾವ ಕೊಂಚವೂ ಅಳುಕದೆ, "ಹೌದು, ಬಂದು ಎಲ್ಲ ಹೇಳ್ತಿದ್ದಳು. ಚೆನ್ನಾಗಿ ಹೇಳ್ತಿದ್ದಳು" ಎಂದರು. ಬ್ಯಾಂಕಿನ ಕಾಲದಲ್ಲಿ ವರ್ಗವಾದ ಊರೂರಿಗೆ ಅವರು ಹೋಗುವುದು, ರಾತ್ರಿ ಬಂದು ಊಟಕ್ಕೆ ಕೂತು ಆಫೀಸಿನ ಸುದ್ದಿ ಹೇಳುವುದು, ಅತ್ತೆ ಹೂಂಗುಟ್ಟುವುದು ನಡೆದಿತ್ತು. ಆ ಎರಡು ದಿನ ಅತ್ತೆ ಹೊರಗೆ ಹೋದರು; ಹಾಸಿಗೆಯಲ್ಲಿದ್ದ ಮಾವ ಅವರು ಬರುವ ದಾರಿ ಕಾದರು. ಅಂಟಾರ್ಕ್ಟಿಕಾ ನೋಡಿದವರು ಡ್ರೇಕ್ ಬಿಟ್ಟು ಬೇರೆ ಮಾತಾಡದಿರುವುದು ಯಾಕೆಂದು ಅಳಿಯಂದಿರಿಗೆ ಅವತ್ತು ಹೊಳೆಯಿತು. ಬೂಟಿನ ನಿಯಮ, ರೆಕ್ಕೆಯ ಅಳತೆ, ಶ್ಯಾಕಲ್ಟನ್, ಎಲ್ಲವೂ ಅತ್ತೆಯ ನೋಟ್‌ಬುಕ್ಕಿನ ಸರಕು.

ನೋಟ್‌ಬುಕ್ಕು ಹೊರಬಂತು. ಒಂದಾನೊಂದು ಕಾಲಕ್ಕೆ ನಮ್ಮ ನೆಲವೂ ಅಂಟಾರ್ಕ್ಟಿಕಾವೂ ಗೊಂಡ್ವಾನ ಎಂಬ ಒಂದೇ ಭೂಖಂಡದಲ್ಲಿ ಅಂಟಿಕೊಂಡಿದ್ದ ಚಿತ್ರ ಅದರಲ್ಲಿತ್ತು. ಭದ್ರಾವತಿಯ ಕಾರ್ಖಾನೆಗೆ ಅದಿರು ಕೊಟ್ಟ ಈ ಕೆಂಪು ಬೆಟ್ಟ ಯಾವ ಕಡೆಗೆ ಬರುತ್ತದೆಂದು ಅತ್ತೆ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟಿದ್ದರು.

ಮರುದಿನ ಇಳಿಯುವಾಗ ಮಾವ ಮುಂದಿನ ಸೀಟಿನಲ್ಲಿ, ಈ ಲೇಖಕ ಹಿಂದೆ ನಿದ್ದೆಯ ನಟನೆಯಲ್ಲಿ. ಕಲ್ಲತ್ತಿಗಿರಿ ದಾಟುವವರೆಗೂ ಡ್ರೇಕ್ ಕೇಳಿದ ಡ್ರೈವರ್ ಕೊನೆಗೆ ಬಾಯಿಬಿಟ್ಟ: "ಅಲ್ಲಾ ಸಾರ್, ಆ ಹಡಗು ಎಷ್ಟು ಮೈಲೇಜ್ ಕೊಡುತ್ತೆ?"

ಮಾವ ಹಿಂದಕ್ಕೆ ತಿರುಗಿದರು.

"ಅದಕ್ಕೆ ಲೀಟರ್ ಲೆಕ್ಕ ಇಲ್ಲಪ್ಪ, ದಿನಕ್ಕೆ ಇಷ್ಟು ಟನ್ ಅಂತ" ಎಂದು ಅತ್ತೆ ಶುರುಮಾಡಿದರು. ಲಿಂಗದಹಳ್ಳಿ ಬಂದರೂ ಎಂಜಿನ್ ಕೋಣೆಯಿಂದ ಹೊರಬಂದಿರಲಿಲ್ಲ.