ಮಿಶ್ರಸಭಾಮೀಮಾಂಸೆ

ಸೂತ್ರ: 'ಕೇಳಿಸ್ತಿದೆಯಾ?' ಎಂಬುದೇ ಮಂಗಳಾಚರಣೆ.

ವೃತ್ತಿ: ಅರ್ಧ ಜನ ಬೆಂಗಳೂರಿನ ಕಚೇರಿಯ ಕೋಣೆಯಲ್ಲೂ ಮಿಕ್ಕವರು ಶಿರಸಿ, ಧಾರವಾಡ, ಡಲ್ಲಾಸುಗಳ ಮನೆಗಳಲ್ಲೂ ಕೂತು ನಡೆಸುವ ಸಭೆಯೇ ಮಿಶ್ರಸಭೆ. ಇದರಲ್ಲಿ ಕೋಣೆಯ ದೇಹಧಾರಿಗಳು, ಪರದೆಯ ಚೌಕವಾಸಿಗಳು ಎಂದು ಎರಡೇ ಜಾತಿ. ದೇಹಧಾರಿಗೆ ಕಾಫಿ, ಬಿಸ್ಕತ್ತು ಮತ್ತು ಕೊನೆಯ ಮಾತು. ಚೌಕವಾಸಿಗೆ ಯಾರದೋ ಬೆನ್ನಿನ ದರ್ಶನ.

ಪೂರ್ವಪಕ್ಷ: ಚೌಕವಾಸಿಗೆ ಬಾಯಿಲ್ಲವೆ? ಹೇಳುವುದಿದ್ದರೆ ಹೇಳಲಿ.

ಈ ವಾದ ನಿಲ್ಲದು. ಮಾತುಕತೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸಾಮಾನ್ಯವಾಗಿ 200 ಮಿಲಿಸೆಕೆಂಡಿನ ಆಸುಪಾಸು. ದನಿ ಆ ತುದಿ ಮುಟ್ಟಲು 150 ಮಿಲಿಸೆಕೆಂಡು ಮೀರದಿದ್ದರೆ ಲೇಸೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸಿನ ಅಭಿಮತ. ಆ ಮಿತಿಯೊಳಗೇ ಇದ್ದರೂ ಹೋಗಲು 150, ಬರಲು 150 ಆದೀತು. ಡಲ್ಲಾಸಿನವನು ಬಿಡುವು ಕಂಡು ಬಾಯಿ ತೆರೆದರೂ ಅವನ ದನಿ ಕೋಣೆ ಸೇರುವ ಮೊದಲೇ ಆ ಬಿಡುವು ಮುಚ್ಚಿಹೋಗಿರುತ್ತದೆ. ಆತ 'ನೀವು ಹೇಳಿ' ಎನ್ನುತ್ತಾನೆ, ಇವರೂ 'ನೀವು ಹೇಳಿ' ಎನ್ನುತ್ತಾರೆ, ಬಳಿಕ ಇವರೇ ಹೇಳುತ್ತಾರೆ. ಸೌಜನ್ಯವಂತನೇ ಸೋಲುವ ಜಾಗ ಇದೊಂದೇ. (ಮದುವೆಮನೆಯ ಮೊದಲ ಪಂಕ್ತಿಯನ್ನು ಬಿಟ್ಟು.)

ಸೂತ್ರ: ಮೈಕಿಗೆ ಪಕ್ಷಪಾತವುಂಟು.

ವೃತ್ತಿ: ಅದು ಹತ್ತಿರದ ಚಿಪ್ಸ್ ಪೊಟ್ಟಣವನ್ನು ಕೇಳಿಸಿಕೊಳ್ಳುತ್ತದೆ, ಮೇಜಿನ ತುದಿಯ ಮ್ಯಾನೇಜರನ್ನಲ್ಲ. ಒಂದೇ ಕೋಣೆಯಲ್ಲಿ ಎರಡು ಲ್ಯಾಪ್‌ಟಾಪುಗಳ ಮೈಕು, ಸ್ಪೀಕರು ತೆರೆದರೆ ಏಳುವ ಊಳಿಗೆ ಪರಿಹಾರ ಮ್ಯೂಟ್ ಒಂದೇ, ಶಾಂತಿಹೋಮದಿಂದ ಫಲವಿಲ್ಲ.

ಪ್ರಮಾಣ: ಕಂಪನಿಗಳ ಮಂಡಳಿ ಸಭೆ ಕುರಿತ 2014ರ ನಿಯಮಗಳು. ವಿಡಿಯೊದಲ್ಲಿ ಬರುವ ನಿರ್ದೇಶಕರು ಮೊದಲಿಗೆ ತಮ್ಮ ಹೆಸರು, ಕೂತ ಜಾಗ ಹೇಳಬೇಕು; ಕಾರ್ಯಸೂಚಿ ತಲುಪಿದೆ ಎನ್ನಬೇಕು; ಅಲ್ಲಿ ಬೇರೆ ಯಾರೂ ಸಭೆಯನ್ನು ಕೇಳುತ್ತಿಲ್ಲವೆಂದೂ ದಾಖಲಿಸಬೇಕು. ಕುಕ್ಕರು 'ಯಾರೂ' ಎಂಬುದರಲ್ಲಿ ಸೇರುತ್ತದೆಯೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಕೋಣೆಯಲ್ಲಿರುವವರು ಯಾರಾರೆಂದು ಚೌಕವಾಸಿಗೆ ಹೇಳುವ ಪದ್ಧತಿ ಮಾತ್ರ ನಮ್ಮ ಕಚೇರಿಗಳಲ್ಲಿ ಅಪರೂಪ. ಅವನು ಕೆಮ್ಮಿನಿಂದಲೇ ಗುರುತಿಸಬೇಕು.

ಸಿದ್ಧಾಂತ: ಒಬ್ಬ ಚೌಕದಲ್ಲಿದ್ದರೂ ಎಲ್ಲರೂ ಚೌಕಕ್ಕೆ ಬರುವುದು ಉತ್ತಮ. ಅಷ್ಟು ವೈರಾಗ್ಯವಿಲ್ಲದವರು ಪ್ರತಿ ವಿಷಯಕ್ಕೂ ಮೊದಲು ಪರದೆಯವರ ಹೆಸರು ಕೂಗಿ, ಉತ್ತರಕ್ಕೆ ಮನಸ್ಸಿನಲ್ಲೇ ಮೂರು ಎಣಿಸಿ ಕಾಯುವುದು ಮಧ್ಯಮ. ಕೊಂಡಿ ಮುಚ್ಚಿದ ಮೇಲೆ ಲಿಫ್ಟಿನ ಬಳಿ ನಿಂತು ತೀರ್ಮಾನ ಬದಲಿಸುವುದು ಅಧಮ, ಅದಕ್ಕೆ ಪ್ರಾಯಶ್ಚಿತ್ತವಿಲ್ಲ. ಬದಲಿಸಲೇಬೇಕೆಂದಿದ್ದರೆ, ಮಹನೀಯರೇ, ದಯವಿಟ್ಟು ಎರಡು ಸಾಲು ಚಾಟಿನಲ್ಲಿ ಬರೆದುಹಾಕಿ.