ಸಾಲಾವಳಿ ಕೂಡಿತೇ? ಇಚಿಕಾವಾದಲ್ಲಿ ಕಂಪನಿ ನೋಡುವ ಶಾಸ್ತ್ರ

ಸಾಫ್ಟ್‌ವೇರ್ ಹುಡುಗರಿಗೆ ಕಂಪನಿ ನೋಡಿಕೊಡುವ ಅಧಿಕಾರ ನನಗೆ ಎಲ್ಲಿಂದ ಬಂತೆಂದು ಕೇಳುವವರಿದ್ದಾರೆ. ನಾನು ಟೋಕಿಯೊ ಪಕ್ಕದ ಇಚಿಕಾವಾ ನಗರದ ಗ್ಯೋತೊಕುವಿನಲ್ಲಿ ಬಾಡಿಗೆಗಿದ್ದೇನೆ. ದಿನಾ ತೋಝಾಯ್ ರೈಲಿನಲ್ಲಿ ನಿಂತು ಟೋಕಿಯೊಗೆ ಹೋಗುತ್ತೇನೆ. ಅಷ್ಟು ಸಾಕು.

ಮೊದಲು ಸಾಲಾವಳಿ. ಊರಿನಲ್ಲಿ ಜೋಯಿಸರು 36ರಲ್ಲಿ 18 ಗುಣ ಕೂಡಿದರೆ ಅಡ್ಡಿಯಿಲ್ಲ ಎನ್ನುತ್ತಾರೆ. ಜಪಾನಿನ ವಲಸೆ ಇಲಾಖೆ ಉನ್ನತ ಪರಿಣತರ ವೀಸಾಕ್ಕೆ 70 ಅಂಕ ಕೇಳುತ್ತದೆ. ಸ್ನಾತಕೋತ್ತರ ಪದವಿಗೆ 20, ಜಪಾನಿ ಭಾಷೆಯ ಎನ್1 ಪರೀಕ್ಷೆಗೆ 15. ವಯಸ್ಸು 30ರೊಳಗಿದ್ದರೆ 15, 40 ತುಂಬಿದರೆ ಸೊನ್ನೆ. ಆದ್ದರಿಂದ ವೃತ್ತಿಯಲ್ಲಿ ಮುಂದೆ ಬರಬೇಕೆನ್ನುವವರು ಮೊದಲು ವಯಸ್ಸಾಗುವುದನ್ನು ನಿಲ್ಲಿಸಬೇಕು. ಕೋಡ್ ಚೆನ್ನಾಗಿ ಬರೆಯುತ್ತಾನೆಯೇ ಎಂಬ ಕಾಲಂ ನನಗಂತೂ ಕಂಡಿಲ್ಲ. ಗಂಡಿಗೆ ಅನ್ನ ಮಾಡಲು ಬರುತ್ತದೆಯೇ ಎಂದು ಜಾತಕದಲ್ಲೂ ಇರುವುದಿಲ್ಲ.

ಇನ್ನು ಮನೆತನ. ಇಲ್ಲಿ ಎಸ್‌ಇಎಸ್ ಎಂಬ ಪದ್ಧತಿಯಿದೆ: ಸಂಬಳ ಕೊಡುವ ಕಂಪನಿ ಒಂದು, ನೀವು ಹೋಗಿ ಕೂರುವ ಕಂಪನಿ ಇನ್ನೊಂದು, ನಡುವೆ ಗುತ್ತಿಗೆ ಹಿಡಿದವರು ಇಬ್ಬರೋ ಮೂವರೋ. ಜಾತ್ರೆಯ ಪಾನಕದಂತೆ ಹಣ ಕೈಯಿಂದ ಕೈಗೆ ಇಳಿದು, ಕೊನೆಗೆ ನಿಮ್ಮ ಲೋಟಕ್ಕೆ ಏಲಕ್ಕಿ ವಾಸನೆ ತಲುಪುತ್ತದೆ. ಕೂತ ಕಡೆಯವರು ನಿಮಗೆ ನೇರವಾಗಿ ಆಜ್ಞೆ ಮಾಡುವುದು ಕಾನೂನಿಗೆ ವಿರುದ್ಧ. ಅವರು ಕಾನೂನು ಮೀರುವುದಿಲ್ಲ, ಕೆಮ್ಮುತ್ತಾರೆ. ಯಾವ ಕೆಮ್ಮಿಗೆ ಯಾವ ಫೈಲು ತೆರೆಯಬೇಕೆಂದು ಮೂರು ವರ್ಷದಲ್ಲಿ ತಿಳಿಯುತ್ತದೆ. ಅದನ್ನೇ ಅನುಭವವೆಂದು ಅರ್ಜಿಯಲ್ಲಿ ಬರೆಯುವುದು.

ಕೆಲಸದ ಸ್ಥಳವನ್ನೂ ನೋಡಬೇಕು. 2019ರಲ್ಲಿ ತೋಝಾಯ್ ಮಾರ್ಗದ ಕಿಬಾ ನಿಲ್ದಾಣ ದಾಟುವಾಗ ಬೆಳಗಿನ ದಟ್ಟಣೆ ಶೇ. 199 ಇತ್ತು. ಕಚೇರಿ ಕಿಬಾಗಿಂತ ಈಚೆಗಿದ್ದರೆ ಸಂಬಳ ಕೇಳಬೇಡಿ, ಒಪ್ಪಿಕೊಳ್ಳಿ.

ಹೊಸ ಕೆಲಸಕ್ಕೆಂದು ಇಚಿಕಾವಾಗೆ ಮನೆ ಬದಲಿಸಿದವರು 14 ದಿನದೊಳಗೆ ಇಲ್ಲಿನ ನಗರಸಭೆಯಲ್ಲಿ ವಿಳಾಸ ಬರೆಸಬೇಕು. ಯಾವಾತಾ ಬಡಾವಣೆಯಲ್ಲಿರುವ ಆ ಕಚೇರಿಯಿಂದ ಹೊರಬಂದು ರಸ್ತೆಯಾಚೆ ನೋಡಿದರೆ ಸುಮಾರು 18 ಮೀಟರ್ ಉದ್ದಗಲದ ಬಿದಿರು ಮೆಳೆ ಕಾಣುತ್ತದೆ: ಯಾವಾತಾ ನೋ ಯಾಬುಶಿರಾಝು. ಒಳಗೆ ಹೊಕ್ಕವರು ಹೊರಬರಲಾರರೆಂದು ಪ್ರತೀತಿ. ಸುತ್ತ ಬೇಲಿ ಹಾಕಿದ್ದಾರೆ. ಮಿತೊದ ದೊರೆ ತೊಕುಗಾವಾ ಮಿತ್ಸುಕುನಿ ಒಬ್ಬ ಹೊಕ್ಕು, ಹೇಗೋ ಹೊರಬಂದನಂತೆ.

ಕೆಲಸ ಬಿಡಬೇಕೆಂದವರು ನನ್ನಲ್ಲಿಗೆ ಬಂದರೆ ಈ ಕಥೆ ಹೇಳುತ್ತೇನೆ. ಆಮೇಲೆ, ಕಂಪನಿ ಬಿಟ್ಟ 14 ದಿನದೊಳಗೆ ವಲಸೆ ಇಲಾಖೆಗೆ ತಿಳಿಸಬೇಕೆಂದೂ, ಮೂರು ತಿಂಗಳು ಸುಮ್ಮನೆ ಕೂತರೆ ವೀಸಾ ರದ್ದಾಗಬಹುದೆಂದೂ ಹೇಳುತ್ತೇನೆ. ದೊರೆಗೆ ಈ ತಾಪತ್ರಯ ಇರಲಿಲ್ಲ. ಬಂದವರು ಗಡಿಯಾರ ನೋಡಿಕೊಂಡು, ಕೊನೆಯ ರೈಲಿಗೆ ಹೊತ್ತಾಯಿತೆಂದು ಏಳುತ್ತಾರೆ.