ಆಟೋ–ಆ್ಯಪ್ ಅಭೇದ ಪ್ರಕರಣ

ವಿಷಯ: ಬೆಂಗಳೂರಿನಲ್ಲಿ ಬಾಡಿಗೆ ಕೊಟ್ಟು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು. ಅಧಿಕಾರಿ: ಬಸ್ಸು ತಪ್ಪಿದವನು. ಪ್ರಯೋಜನ: ಹೋಗಿ ಸೇರುವುದು, ದೈವ ಕೂಡಿಬಂದರೆ. ಸಂಬಂಧ: ಚಾಲಕನಿಗೂ ಪ್ರಯಾಣಿಕನಿಗೂ ಬಹಳ ಹಿಂದೆಯೇ ಹಳಸಿದ್ದು. ಶಾಸ್ತ್ರಗ್ರಂಥದ ಆರಂಭದಲ್ಲಿ ಹೇಳಲೇಬೇಕಾದ ನಾಲ್ಕನ್ನೂ ಹೇಳಿದ್ದಾಯಿತು. ಇನ್ನು ಯಾರೂ ಇದನ್ನು ಬರಿಯ ಹರಟೆ ಎನ್ನುವಂತಿಲ್ಲ.

ಆ್ಯಪಿನ ಅರ್ಥಶಾಸ್ತ್ರವೇ ಬೇರೆ, ಆಟೋ ಸ್ಟ್ಯಾಂಡಿನ ಅರ್ಥಶಾಸ್ತ್ರವೇ ಬೇರೆ ಎನ್ನುವವರು ಭೇದವಾದಿಗಳು. ಅವರು ಸಾಮಾನ್ಯವಾಗಿ ಲ್ಯಾಪ್‌ಟಾಪ್ ಇಟ್ಟುಕೊಂಡಿರುತ್ತಾರೆ. ಪ್ರಸ್ತುತ ಲೇಖಕ ಅಭೇದವಾದಿ.

ಮೊದಲು ಮೀಟರಿನ ಸ್ವರೂಪ. 2025ರ ಆಗಸ್ಟ್ 1ರಿಂದ ಮೊದಲ 2 ಕಿ.ಮೀ.ಗೆ ₹36, ಅನಂತರ ಕಿ.ಮೀ.ಗೆ ₹18, ಕಾಯುವುದು ಮೊದಲ 5 ನಿಮಿಷ ಪುಕ್ಕಟೆ, ರಾತ್ರಿ 10ರಿಂದ ಬೆಳಗಿನ 5ರ ತನಕ ಒಂದೂವರೆ ಪಟ್ಟು. ಕಾನೂನು ಮಾಪನಶಾಸ್ತ್ರ ಇಲಾಖೆ ಪರೀಕ್ಷಿಸಿ ಮುದ್ರೆ ಒತ್ತುವುದರಿಂದ ಮೀಟರಿನ ಅಸ್ತಿತ್ವ ಪ್ರಮಾಣಸಿದ್ಧ. ಆದರೆ ಅದು ಓಡಿದ್ದನ್ನು ಕಂಡವರು ವಿರಳ. ಇದೆ, ವ್ಯವಹಾರಕ್ಕೆ ಮಾತ್ರ ಬಾರದು. ಆದ್ದರಿಂದ ಮೀಟರು ನಿರ್ಗುಣ ತತ್ತ್ವ. ಅದರ ಸಗುಣ ರೂಪ ‘ನೂರೈವತ್ತು ಕೊಡಿ ಸಾರ್’. ಈ ನಿರ್ಗುಣತ್ವಕ್ಕೆ ಲೌಕಿಕ ಕಾರಣವೂ ಇದೆ. 2013ರ ಕೊನೆಯಲ್ಲಿ ಕಿ.ಮೀ.ಗೆ ₹13 ಇದ್ದ ದರ 2021ರ ಡಿಸೆಂಬರಿನಲ್ಲಿ ₹15 ಆಯಿತು. ಎಂಟು ವರ್ಷಕ್ಕೆ ಎರಡು ರೂಪಾಯಿ. ಅಷ್ಟರಲ್ಲಿ ಗ್ಯಾಸು, ಮನೆ ಬಾಡಿಗೆ, ಮಕ್ಕಳ ಸ್ಕೂಲ್ ಫೀಸು ಎಲ್ಲವೂ ಸಗುಣವಾಗಿಯೇ ಏರಿದ್ದವು.

ಪೂರ್ವಪಕ್ಷ ಹೀಗಿದೆ. 2013ರಲ್ಲಿ ಉಬರ್ ಭಾರತದಲ್ಲಿ ಮೊದಲು ಕಾಲಿಟ್ಟದ್ದು ಬೆಂಗಳೂರಿನಲ್ಲಿ. ಮುಂಬೈಯಲ್ಲಿ ಹುಟ್ಟಿದ ಓಲಾ ಕೂಡ ಇಲ್ಲಿಗೇ ಬಂದು ನೆಲೆಸಿತು. ದರ ಮೊದಲೇ ತಿಳಿಯುತ್ತದೆ, ಚೌಕಾಶಿ ಇಲ್ಲ, ‘ಆ ಕಡೆ ಬರಲ್ಲ’ ಎನ್ನುವವರಿಲ್ಲ ಎಂಬುದು ಭೇದವಾದಿಗಳ ವಾದ. 2016ರಲ್ಲಿ ಓಲಾ ಮೈಕ್ರೋ ಎಂಬ ಎ.ಸಿ. ಕಾರು ಕಿ.ಮೀ.ಗೆ ₹6ರಂತೆ ಓಡಿತು. ತಣ್ಣಗೆ ಕೂತವನಿಗೆ ₹6, ಆಟೋದಲ್ಲಿ ಹೊಗೆ ಕುಡಿದವನಿಗೆ ₹13. ಬಾಕಿ ಹಣ ಕೊಟ್ಟವರು ಯಾರು? ಹೂಡಿಕೆದಾರರು. ಬಸವನಗುಡಿಯಿಂದ ಮಾರತ್ತಹಳ್ಳಿಯ ಮಗಳ ಮನೆಗೆ ಹೊರಟ ಅಜ್ಜಿಯ ಬಾಡಿಗೆಯಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕಿನ ಪಾಲೂ ಇತ್ತು. ಅಜ್ಜಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಟೋಕಿಯೊಗೆ ಒಂದು ಡಬ್ಬಿ ಹಪ್ಪಳ ಕಳಿಸುತ್ತಿದ್ದಳು. ಅರ್ಥಶಾಸ್ತ್ರಜ್ಞರು ಇದನ್ನು ಮಾರುಕಟ್ಟೆ ಕಟ್ಟುವುದು ಎಂದರು. ನಮ್ಮ ಪದ್ಧತಿಯಲ್ಲಿ ಇದು ಕೃತಯುಗ, ಮತ್ತು ಕೃತಯುಗಕ್ಕೆ ಮುಗಿಯುವ ಸ್ವಭಾವವಿದೆ. ಇನ್ಸೆಂಟಿವ್ ನಂಬಿ ಸಾಲ ಮಾಡಿ ಕಾರು ಕೊಂಡ ಚಾಲಕರಿಗೆ ಮೊದಲು ಇಳಿದದ್ದು ಇನ್ಸೆಂಟಿವ್, ಇಎಂಐ ಇಳಿಯಲಿಲ್ಲ. 2017ರಲ್ಲಿ ಅವರು ಮುಷ್ಕರ ಹೂಡಿದರು.

ಈಗ ಸಿದ್ಧಾಂತ.

ಮೊದಲ ಸೂತ್ರ: ನಿರಾಕರಣೆ ನಾಶವಾಗದು, ರೂಪ ಬದಲಿಸುತ್ತದೆ.

ವ್ಯಾಖ್ಯಾನ: ಹಳೆಯ ಪದ್ಧತಿಯಲ್ಲಿ ಪ್ರಯಾಣಿಕ ಕೈ ಎತ್ತಿ ‘ಹನುಮಂತನಗರ’ ಎನ್ನುತ್ತಿದ್ದ. ಚಾಲಕ ಬ್ರೇಕು ಹಾಕದೆ, ಮುಖ ತಿರುಗಿಸದೆ, ತಲೆಯನ್ನು ಅರ್ಧ ಅಂಗುಲ ಅಲ್ಲಾಡಿಸಿ ಹೋಗುತ್ತಿದ್ದ. ವ್ಯವಹಾರ ವೆಚ್ಚ ಸೊನ್ನೆ. ಹೊಸ ಪದ್ಧತಿಯಲ್ಲಿ ಚಾಲಕ ಮೊದಲು ಒಪ್ಪುತ್ತಾನೆ. ಆಮೇಲೆ ಫೋನು: ‘ಎಲ್ಲಿಗೆ ಸಾರ್ ಡ್ರಾಪು?’ ಆ್ಯಪಿನಲ್ಲಿದೆಯಲ್ಲ ಎಂದರೆ, ‘ಕ್ಯಾಶಾ, ಆನ್‌ಲೈನಾ?’ ಅನಂತರ ಮೌನ. ನಕ್ಷೆಯ ಮೇಲೆ ಪುಟ್ಟ ಆಟೋ ನಮ್ಮ ಕಡೆ ಬರುವ ಬದಲು ಪ್ರದಕ್ಷಿಣೆ ಹಾಕತೊಡಗುತ್ತದೆ. ‘2 ನಿಮಿಷದಲ್ಲಿ’ ಎಂಬುದು ‘7 ನಿಮಿಷದಲ್ಲಿ’ ಆಗುತ್ತದೆ. ಯಾರು ಮೊದಲು ಕ್ಯಾನ್ಸಲ್ ಮಾಡುತ್ತಾರೋ ಅವರು ಸೋತಂತೆ. ಆದ್ದರಿಂದ ಇಬ್ಬರೂ ಕಾಯುತ್ತಾರೆ. ಪಂಡಿತರು ಇದನ್ನು ಗೇಮ್ ಥಿಯರಿ ಎನ್ನುವರು, ಚಾಲಕರು ‘ಅವ್ರೇ ಮಾಡ್ಲಿ ಬಿಡು’ ಎನ್ನುವರು. ತಲೆ ಅಲ್ಲಾಡಿಸುವ ಕ್ರಿಯೆಯನ್ನು ಉಪಗ್ರಹ, ಸರ್ವರು, ನಕ್ಷೆ, ನಾಲ್ಕಂಕಿಯ ಒಟಿಪಿಗಳ ಮೂಲಕ ನೆರವೇರಿಸುವುದು ಮನುಷ್ಯಕುಲದ ದೊಡ್ಡ ಸಾಧನೆ ಎಂದು ಒಪ್ಪಲೇಬೇಕು.

ಎರಡನೆಯ ಸೂತ್ರ: ‘ಮೇಲೆ ಇಪ್ಪತ್ತು’ ಸನಾತನ.

ವ್ಯಾಖ್ಯಾನ: ಸರ್ಜ್ ಸಿದ್ಧಾಂತದ ಪ್ರಕಾರ ಮಳೆ ಬಂದರೆ ದರ ಏರುತ್ತದೆ, ಏರಿದ ದರ ಕಂಡು ಮನೆಯಲ್ಲಿದ್ದ ಚಾಲಕ ರಸ್ತೆಗಿಳಿಯುತ್ತಾನೆ, ಪೂರೈಕೆ ಹೆಚ್ಚುತ್ತದೆ. ಬೆಂಗಳೂರಿನ ಮಳೆಯಲ್ಲಿ ರಸ್ತೆಗಿಳಿದ ಚಾಲಕ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆಗಲೇ ನಿಂತಿರುತ್ತಾನೆ. ದರ ಎಷ್ಟೇ ಏರಿದರೂ ಅಂಡರ್‌ಪಾಸಿನ ನೀರು ಇಳಿಯದು. ಹಳೆಯ ಚಾಲಕ ಆಕಾಶವನ್ನು ಒಮ್ಮೆ, ಪ್ರಯಾಣಿಕನ ಚಪ್ಪಲಿಯನ್ನು ಒಮ್ಮೆ ನೋಡಿ ‘ಒನ್ ಅಂಡ್ ಹಾಫ್ ಆಗುತ್ತೆ’ ಎನ್ನುತ್ತಿದ್ದ. ಬೇಡಿಕೆ, ಪೂರೈಕೆ, ಕೊಳ್ಳುವವನ ಶಕ್ತಿ ಮೂರರ ಲೆಕ್ಕವೂ ಅದರಲ್ಲಿತ್ತು, ವಿದ್ಯುತ್ತಿನ ಖರ್ಚಿಲ್ಲದೆ.

ಸರ್ಜ್ ಸಿದ್ಧಾಂತದ ವಿರುದ್ಧ ಪಾಶ್ಚಾತ್ಯ ಪ್ರಮಾಣವೂ ಉಂಟು. 1997ರಲ್ಲಿ ಕಾಲಿನ್ ಕ್ಯಾಮರರ್, ಲಿಂಡಾ ಬ್ಯಾಬ್‌ಕಾಕ್, ಜಾರ್ಜ್ ಲೋವೆನ್‌ಸ್ಟೈನ್, ರಿಚರ್ಡ್ ಥೇಲರ್ ಎಂಬ ನಾಲ್ವರು ನ್ಯೂಯಾರ್ಕಿನ ಕ್ಯಾಬ್ ಚಾಲಕರ ಟ್ರಿಪ್ ಶೀಟುಗಳನ್ನು ಓದಿ, ಸಂಪಾದನೆ ಚೆನ್ನಾಗಿರುವ ದಿನ ಅವರು ಬೇಗ ಮನೆಗೆ ಹೋಗುತ್ತಾರೆ ಎಂದರು. ದಿನದ ಗುರಿ ಮುಟ್ಟಿದರೆ ಸಾಕು. ಹೆನ್ರಿ ಫಾರ್ಬರ್ ಆಮೇಲೆ ಇದನ್ನು ಖಂಡಿಸಿದರು. ಶಾಸ್ತ್ರವೆಂದ ಮೇಲೆ ಖಂಡನೆ ಇರಬೇಕಲ್ಲ. ಥೇಲರರಿಗೆ 2017ರಲ್ಲಿ ನೊಬೆಲ್ ಬಂತು. ಯಶವಂತಪುರದ ಸ್ಟ್ಯಾಂಡಿನಲ್ಲಿ ‘ಕಲೆಕ್ಷನ್ ಆಯ್ತಮ್ಮಾ, ಮನೆ ಕಡೆ ಹೊರಟಿದೀನಿ, ಆ ದಾರೀಲಿದ್ರೆ ಹತ್ತಿ’ ಎಂದು ಅದನ್ನೇ ಒಂದುಸಿರಿನಲ್ಲಿ ಮಂಡಿಸುವವರಿಗೆ ಸ್ವೀಡನ್ನಿನಿಂದ ಕರೆ ಬಂದಿಲ್ಲ.

ಆ್ಯಪು ‘ಮೇಲೆ ಇಪ್ಪತ್ತು’ ಸೂತ್ರವನ್ನು ತಡವಾಗಿ ಕಲಿತು ಅತಿಯಾಗಿ ಆಚರಿಸಿತು. ಆಗಿನ ಮೀಟರಿನಲ್ಲಿ ₹30 ಆಗುತ್ತಿದ್ದ 2 ಕಿ.ಮೀ.ಗೆ ₹100 ಕೀಳುತ್ತಿದ್ದಾರೆಂಬ ದೂರಿನ ಮೇಲೆ 2022ರ ಅಕ್ಟೋಬರಿನಲ್ಲಿ ಸಾರಿಗೆ ಇಲಾಖೆ ಆ್ಯಪುಗಳ ಆಟೋ ಸೇವೆ ನಿಲ್ಲಿಸಿ ಎಂದಿತು. ಪ್ರಕರಣ ಹೈಕೋರ್ಟಿಗೆ ಹೋಗಿ, ಮುಂದಿನ ತಿಂಗಳು ಸರ್ಕಾರ ಮೀಟರ್ ದರದ ಮೇಲೆ 5% ಸೇವಾ ಶುಲ್ಕವೂ ಜಿಎಸ್‌ಟಿಯೂ ಎಂದು ಗೊತ್ತುಮಾಡಿತು. ಆಮೇಲೆ ಬಂದದ್ದು ಮುಂಗಡ ಟಿಪ್ಸು: ಹತ್ತು, ಇಪ್ಪತ್ತು, ಮೂವತ್ತು, ಬೆರಳಿಟ್ಟು ಆರಿಸಿಕೊಳ್ಳಿ. ಟಿಪ್ಸು ಸೇವೆಯ ನಂತರ ಕೊಡುವಂಥದ್ದು ಎಂದು ಕೇಂದ್ರ ಸಚಿವ ಪ್ರಲ್ಹಾದ ಜೋಶಿ 2025ರ ಮೇಯಲ್ಲಿ ಆಕ್ಷೇಪಿಸಿದರು. ಅವರು ಧಾರವಾಡದ ಕಡೆಯವರು. ಮೆಜೆಸ್ಟಿಕ್ಕಿನಲ್ಲಿ ರಾತ್ರಿ ರೈಲು ಇಳಿದವರಿಗೆ ಸೇವೆ ಮೊದಲೋ ಇಪ್ಪತ್ತು ಮೊದಲೋ ಎಂಬ ಸಂಶಯ ಎಂದೂ ಬಂದದ್ದಿಲ್ಲ.

ಮೂರನೆಯ ಸೂತ್ರ: ಎಲ್ಲ ಕಮಿಷನ್ನುಗಳೂ ಕಡೆಗೆ ದಿನಬಾಡಿಗೆಯಲ್ಲಿ ಲಯ. ಸ್ವಂತ ಗಾಡಿ ಇಲ್ಲದವನು ಮಾಲೀಕನಿಗೆ ದಿನಕ್ಕಿಷ್ಟು ಕಟ್ಟಿ, ಉಳಿದದ್ದು ತನಗೆ ಎಂಬುದು ಆಟೋದ ಹಳೆಯ ಏರ್ಪಾಡು. 2022ರ ನವೆಂಬರಿನಲ್ಲಿ ಚಾಲಕರ ಸಂಘದ ಜೊತೆಗೂಡಿ ಬಂದ ‘ನಮ್ಮ ಯಾತ್ರಿ’ ಆ್ಯಪು ಕಮಿಷನ್ ಬಿಟ್ಟು, ಮುಂದೆ ದಿನಕ್ಕೆ ₹25 ಎಂದಿತು. 2025ರ ಫೆಬ್ರವರಿಯಲ್ಲಿ ಉಬರ್ ಕೂಡ ಆಟೋಗಳಿಗೆ ಅದೇ ದಾರಿ ಹಿಡಿದು, ತೆರೆಯ ಮೇಲಿನ ದರ ಬರಿಯ ಸೂಚನೆ, ಕೊನೆಯ ಮೊತ್ತವನ್ನು ನೀವೂ ಚಾಲಕರೂ ಮಾತಾಡಿಕೊಳ್ಳಿ ಎಂದು ಕೈತೊಳೆದುಕೊಂಡಿತು. ಮಾತಾಡಿಕೊಳ್ಳಿ! ಚೌಕಾಶಿಯನ್ನು ಸಂಹರಿಸಲು ಸ್ಯಾನ್ ಫ್ರಾನ್ಸಿಸ್ಕೊದಿಂದ ಬಂದವರ ಬಾಯಿಂದ ಈ ಮಾತು ಬಂದ ಮೇಲೆ ಅಭೇದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಸಣ್ಣ ವ್ಯತ್ಯಾಸವೊಂದು ಉಳಿದಿದೆ: ಹಳೆಯ ಮಾಲೀಕ ಎಫ್‌ಸಿ ಮಾಡಿಸುತ್ತಿದ್ದ, ಇನ್ಶೂರೆನ್ಸ್ ಕಟ್ಟುತ್ತಿದ್ದ. ಹೊಸ ಮಾಲೀಕನ ಬಳಿ ಸ್ಟೆಪ್ನಿ ಕೂಡ ಇಲ್ಲ.

ಪರಿಶಿಷ್ಟವಾಗಿ ಒಂದು ಕಠಿಣ ಸಮಸ್ಯೆ. ಹೈಕೋರ್ಟ್ ಆದೇಶದಿಂದ 2025ರ ಜೂನ್ 16ರಂದು ಬೈಕ್ ಟ್ಯಾಕ್ಸಿ ನಿಂತಾಗ, ಕೆಲವರು ತಮ್ಮನ್ನೇ ಪಾರ್ಸೆಲ್ ಎಂದು ಬುಕ್ ಮಾಡಿಕೊಂಡು ಆಫೀಸಿಗೆ ಹೋದರು. ಹೆಲ್ಮೆಟ್ ಹಾಕಿಕೊಂಡು ಹಿಂದೆ ಕೂತ ಈ ವಸ್ತು ಚೇತನವೋ ಜಡವೋ? ಜಡವೆಂದರೆ ಆಟೋ ಲಗೇಜಿನ ನಿಯಮವನ್ನು ಇದಕ್ಕೂ ಹಚ್ಚಬಹುದು: 20 ಕೆ.ಜಿ. ತನಕ ಉಚಿತ, ಮೇಲಿನ ಪ್ರತಿ 20 ಕೆ.ಜಿ.ಗೆ ₹10, ಗರಿಷ್ಠ 50 ಕೆ.ಜಿ. ಹಾಗಾದರೆ ನಮ್ಮಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುವ ಯಾರೂ ಪಾರ್ಸೆಲ್ ಆಗುವಂತಿಲ್ಲ. ಚೇತನವೆಂದರೆ, ಕಳಿಸಿದವನೂ ತಾನೇ ಪಡೆಯುವವನೂ ತಾನೇ ಆದಾಗ, ತಲುಪಿದ ಮೇಲಿನ ಒಟಿಪಿಯನ್ನು ಯಾರು ಯಾರಿಗೆ ಹೇಳಬೇಕು ಎಂಬುದನ್ನು ವಿದ್ವಾಂಸರು ಇತ್ಯರ್ಥ ಮಾಡಬೇಕಾಗಿದೆ.